ಬಸ್ಸಿನ ಹಿಂದಿನ ಕಾರು

ಕರೋಶಿಯ ತಾತ್ಯಾಸಾಹೇಬರು ಕಾರು ತಂದದ್ದು ಎಂಬತ್ತೇಳರ ದೀಪಾವಳಿ ಹತ್ತಿರವಾದಾಗ. ಅದಕ್ಕೂ ಮೊದಲು ಊರಿಗೆ ಕಾರು ಬಂದಿರಲಿಲ್ಲವೆಂದಲ್ಲ. ಚುನಾವಣೆ ಹತ್ತಿರ ಬಂದಾಗ ಬರುತ್ತಿದ್ದವು, ಮುಗಿದ ಮೇಲೆ ಕಾಣೆಯಾಗುತ್ತಿದ್ದವು. ಊರಲ್ಲಿಯೇ ನೆಲೆ ನಿಂತ ಮೊದಲ ಕಾರು ಇದೇ. ಬಿಳಿ ಬಣ್ಣದ ಪುಟ್ಟ ಮಾರುತಿ. ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು, ಬೆಳಗಾವಿಯಿಂದ ತಂದು ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕಕ್ಕೆ ನಿಲ್ಲಿಸಿದಾಗ ಅದು ಎಮ್ಮೆಯ ಮಗ್ಗುಲಲ್ಲಿ ಕುಳಿತ ಮೊಲದಂತೆ ಕಂಡಿತು. ನೋಡಲು ಬಂದ ಹಿರಿಯರು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು, ಬಗ್ಗಿ ಕೆಳಗೂ ನೋಡಿದರು.

"ತಾತ್ಯಾ, ಉಳದದ್ದು ಯಾವಾಗ ಬರತೈತಿ?" ಎಂದು ಕೇಳಿದವನು ಧರೆಪ್ಪ. ತಾತ್ಯಾಸಾಹೇಬರ ಹೊಲಕ್ಕೆ ಹತ್ತಿದ ಹೊಲ ಅವನದು. ಬದುವಿನ ಆಚೆಯವನಿಗೆ ಇರಬೇಕಾದಷ್ಟು ಪ್ರೀತಿ ಅವನಿಗೂ ಇತ್ತು.

"ಇಷ್ಟ ಐತಿ ಇದು. ದೊಡ್ಡ ದೊಡ್ಡ ಶಹರದಾಗ ಎಲ್ಲಾರೂ ಇದನ್ನ ಹೊಡೀತಾರ."

"ಶಹರದವ್ರಿಗೆ ಕಬ್ಬ ಹೇರೂದಿರೂದಿಲ್ಲ ಬಿಡು," ಎಂದು ಧರೆಪ್ಪ ಕಾರಿನ ಬೆನ್ನು ತಟ್ಟಿ ಹೋದ.

ತಾತ್ಯಾಸಾಹೇಬರಿಗೆ ಕಾರು ನಡೆಸುವುದನ್ನು ಯಾರೂ ಕಲಿಸಲಿಲ್ಲ. ಕಲಿಸುತ್ತೇನೆಂದು ಬಂದವರನ್ನು ಅವರು ಚಹಾ ಕುಡಿಸಿ ಕಳುಹಿಸಿದರು. ಹರೆಯದಿಂದ ಟ್ರ್ಯಾಕ್ಟರ್ ನಡೆಸಿದವರು. ಹಂಗಾಮು ಬಂತೆಂದರೆ ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು, ಮನೆಯೆತ್ತರ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗಿ ಬಂದವರು. ಅಂಥವರಿಗೆ ಈ ಮೊಲದ ಮರಿಯನ್ನು ನಡೆಸಲು ಗುರು ಬೇಕೆ? ಬೇಕಾಗಿತ್ತು ಎಂಬುದು ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಬೇಗನೆ ತಿಳಿಯಿತು. ಎರಡು ಟ್ರೇಲರ್ ಎಳೆಯುವವನು ತಿರುವಿನಲ್ಲಿ ಮೊದಲು ಎದುರಿನ ದಂಡೆಯವರೆಗೆ ಹೋಗಿ, ಆಮೇಲೆ ಹೊರಳಬೇಕು. ಇಲ್ಲದಿದ್ದರೆ ಹಿಂದಿನ ಟ್ರೇಲರ್ ಮೂಲೆಮನೆಯ ಕಟ್ಟೆಯನ್ನು ಕಿತ್ತುಕೊಂಡು ಬರುತ್ತದೆ. ತಾತ್ಯಾಸಾಹೇಬರು ಕಾರನ್ನೂ ಹಾಗೆಯೇ ಹೊರಳಿಸುತ್ತಿದ್ದರು. ನಡುನಡುವೆ ಕತ್ತು ಹೊರಳಿಸಿ, ಕಬ್ಬು ಬಿತ್ತೇನೋ ಎಂಬಂತೆ ಹಿಂದೆ ನೋಡುತ್ತಿದ್ದರು. ಕಾರಿಗೆ ಬಾಲವಿಲ್ಲ ಎಂಬ ಸಂಗತಿಯನ್ನು ಅವರ ತಲೆ ಒಪ್ಪಿತ್ತು, ಕೈಗಳು ಒಪ್ಪಿರಲಿಲ್ಲ.

ಇಷ್ಟಾದರೂ ಅವರು ಕಾರು ಕೊಂಡದ್ದು ದೊಡ್ಡಸ್ತಿಕೆಗಲ್ಲ. ಹೆಂಡತಿ ತಾರಾಬಾಯಿ ಮದುವೆಯಾಗಿ ಬಂದಂದಿನಿಂದ ಪ್ರತಿ ಅಮಾವಾಸ್ಯೆಗೆ ನಿಪ್ಪಾಣಿಯಾಚೆಯ ಜೈನ ಕ್ಷೇತ್ರ ಸ್ತವನಿಧಿಗೆ, ಬ್ರಹ್ಮದೇವರ ದರ್ಶನಕ್ಕೆ ಹೋಗುವವರು. ಹೋಗುವಾಗ ಬಸ್ಸಿನಲ್ಲಿ ನಿಂತು ಹೋಗಬೇಕು, ಬರುವಾಗ ನಿಂತು ಬರಬೇಕು. ಈಚೆಗೆ ಅವರ ಮೊಣಕಾಲು ನೋಯುತ್ತಿತ್ತು. ಮುಂದಿನ ಸೀಟಿನಲ್ಲಿ ಆಕೆಯನ್ನು ಕೂರಿಸಿಕೊಂಡು ಸ್ತವನಿಧಿಯ ಗುಡ್ಡದವರೆಗೆ ಹೋಗಬೇಕೆಂಬುದು ತಾತ್ಯಾಸಾಹೇಬರ ಆಸೆ. ಅದನ್ನು ಬಾಯಿ ಬಿಟ್ಟು ಹೇಳಿದ್ದರೆ ಅರ್ಧ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿಯ ಮೇಲಿನ ಅಕ್ಕರೆಯನ್ನು ಹೆಂಡತಿಯ ಎದುರಿಗೇ ಹೇಳುವ ಪದ್ಧತಿ ಆ ಕಾಲದ ಗಂಡಸರಲ್ಲಿ ಇರಲಿಲ್ಲ.

ಮೊದಲ ಪಯಣ ರಾಯಬಾಗಕ್ಕೆ, ತಾರಾಬಾಯಿಯ ತವರಿಗೆ, ದೀಪಾವಳಿಯ ಪಾಡ್ಯದ ದಿನ ಆಯಿತು. ತಾರಾಬಾಯಿ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಊರ ಅಗಸೆ ದಾಟಿದ ಮೇಲೆ ಅವರು ಒಂದು ಮಾತನ್ನೂ ಆಡಲಿಲ್ಲ. ಬಾಗಿಲ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮನಸ್ಸಿನಲ್ಲಿಯೇ ಣಮೋಕಾರ ಮಂತ್ರ ಜಪಿಸುತ್ತಿದ್ದರು. ತವರಿನ ಓಣಿಯ ತಿರುವಿನಲ್ಲಿ ತಾತ್ಯಾಸಾಹೇಬರು ಇಲ್ಲದ ಟ್ರೇಲರುಗಳಿಗೆ ಜಾಗ ಬಿಟ್ಟು, ಎದುರಿನ ದಂಡೆಯವರೆಗೆ ಹೋದರು. ಎದುರಿನ ದಂಡೆಯಲ್ಲಿ ತಿಪ್ಪೆಯಿತ್ತು. ಕಾರು ಮೂಗಿನವರೆಗೆ ಅದರೊಳಗೆ ಹೋಗಿ ನಿಂತಿತು.

ತಾರಾಬಾಯಿಯ ತಮ್ಮ ಉತ್ತಮ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು, ಅಕ್ಕನ ಕಾರನ್ನು ಓಣಿಗೆಲ್ಲ ತೋರಿಸಬೇಕೆಂದು ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಮನೆಯ ಹೆಂಗಸರೆಲ್ಲ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಅವನು ಭಾವನಿಗೆ ತಣ್ಣಗೆ ಹೇಳಿದ: "ದಾಜಿ, ಗೊಬ್ಬರ ಹೊಲಕ್ಕ ಒಯ್ಯೂದಿತ್ತು ಖರೆ. ಆಳು ಇದ್ರು. ನೀವ್ಯಾಕ ತ್ರಾಸ ತಗೊಂಡ್ರಿ?"

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ತಾತ್ಯಾಸಾಹೇಬರು ಕೆಳಗಿಳಿದು ಟೋಪಿ ಸರಿಪಡಿಸಿಕೊಂಡು, ಮಾನ ಉಳಿಸಿಕೊಳ್ಳಲು ಹತ್ತಿರದ ದಾರಿ ಹಿಡಿದರು.

"ಇಕಿ ನಡಬರಕ ಬಾಯಿ ಹಾಕಿದ್ಲು. ಹೆಂಗಸರು ಮಗ್ಗಲಾಗ ಕುಂತು ವಟಾ ವಟಾ ಅಂದ್ರ ಗಾಡಿ ಹಿಂಗ ಆಗತಾವ."

ತಾರಾಬಾಯಿ ಗಂಡನ ಮುಖ ನೋಡಿದರು. ಹಿತ್ತಲಿಗೆ ಹೋಗಿ ಕಾಲು ತೊಳೆದರು, ಸೀರೆಯ ಅಂಚು ತೊಳೆದರು, ತಮ್ಮನಿಗೆ ಆರತಿ ಎತ್ತಿದರು, ಎಲ್ಲರೊಂದಿಗೆ ನಕ್ಕು ಮಾತಾಡಿದರು. ಮರುದಿನ ಹೊರಡುವಾಗ ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.

"ನಿಮ್ಮ ಗಾಡ್ಯಾಗ ಇನ್ನ ನಾ ಕುಂಡ್ರೂದಿಲ್ಲ," ಎಂದರು. ಪಲ್ಯಕ್ಕೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿಯೇ ಹೇಳಿದರು. ಕೂಗಾಡಿದ್ದರೆ ತಾತ್ಯಾಸಾಹೇಬರಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಮನೆಯಲ್ಲಿ ಮುನಿಸೇನೂ ಕಾಣಲಿಲ್ಲ. ಬಿಸಿ ರೊಟ್ಟಿ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿತ್ತು. ಕಾರಿನ ಮಾತು ಬಂದರೆ ಮಾತ್ರ ತಾರಾಬಾಯಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು.

ಆಕೆಯೊಬ್ಬರನ್ನು ಬಿಟ್ಟು ಊರೆಲ್ಲ ಆ ಕಾರಿನಲ್ಲಿ ಕುಳಿತಿತು. ಊರಿಗೊಂದೇ ಕಾರು ಇದ್ದಾಗ ಅದು ಯಾರ ಹೆಸರಿನಲ್ಲಿದೆ ಎಂಬುದು ಸರಕಾರ ನೋಡಿಕೊಳ್ಳುವ ವಿಷಯ. ಮದುಮಕ್ಕಳು ಕುಳಿತರು. ಹೆರಿಗೆಗೆ ಹೊರಟವರು ಕುಳಿತರು. ಹಾಲಿನ ಕ್ಯಾನುಗಳು ಕುಳಿತವು. ಕಾಲು ಮುರಿದ ಒಂದು ಆಡು ಕೂಡ ಹಿಂದಿನ ಸೀಟಿನಲ್ಲಿ ಸುಖವಾಗಿ ಮಲಗಿಕೊಂಡು ದನದ ಡಾಕ್ಟರರ ಹತ್ತಿರ ಹೋಗಿಬಂದಿತು. ಧರೆಪ್ಪ ತನ್ನ ಅತ್ತೆಯನ್ನು ಸಂತೆಗೆ ಕರೆದೊಯ್ದು, ಬಂದ ಮೇಲೆ ಸೀಟು ಸಣ್ಣದಾಯಿತೆಂದು ದೂರು ಹೇಳಿದ.

ತಾತ್ಯಾಸಾಹೇಬರು ದೋಷವೆಲ್ಲ ತಿಪ್ಪೆಯದೆಂದು ತಿಳಿದಿದ್ದರು. ಕೆಟ್ಟದ್ದು ಸೀರೆ, ಆದ್ದರಿಂದ ಸೀರೆಗೆ ಒಪ್ಪುವಂಥ ಮಖಮಲ್ಲಿನ ಹೊದಿಕೆಯನ್ನು ಮುಂದಿನ ಸೀಟಿಗೆ ಹೊಲಿಸಿದರು. ಕೆಟ್ಟದ್ದು ತಿರುವು, ಆದ್ದರಿಂದ ಕಬ್ಬು ಕಡಿದ ಹೊಲದಲ್ಲಿ ಕಲ್ಲು ನೆಟ್ಟು, ಅವುಗಳ ಸುತ್ತ ಕಾರು ಹೊರಳಿಸುವ ಅಭ್ಯಾಸ ಮಾಡಿದರು.

"ಏನ್ ತಾತ್ಯಾ, ಕಾರಿಲೇ ಹೊಲ ಹರಗಾಕತ್ತೀಯೇನ?" ಎಂದು ಧರೆಪ್ಪ ಬದುವಿನ ಮೇಲೆ ಕುಳಿತು ಕೇಳಿದ. "ನಂದೂ ಅಷ್ಟ ಹರಗಿ ಬಿಡಪಾ."

ಮಖಮಲ್ಲನ್ನು ತಾರಾಬಾಯಿ ಒಮ್ಮೆ ಮುಟ್ಟಿ ನೋಡಿದರು. "ಚಲೋ ಐತಿ," ಎಂದರು. ಅಮಾವಾಸ್ಯೆಗೆ ಬಸ್ಸಿಗೇ ಹೋದರು.

ಆಗ ತಾತ್ಯಾಸಾಹೇಬರು ಬೇರೆ ಉಪಾಯವಿಲ್ಲದೆ ಕಾರನ್ನು ಬಸ್ಸಿನ ಹಿಂದೆ ಬಿಟ್ಟರು. ನಿಪ್ಪಾಣಿಯಲ್ಲಿ ಕೆಲಸವಿದೆ ಎಂದು ಎಲ್ಲರಿಗೂ ಹೇಳಿದರು. ಆ ಕೆಲಸ ತಪ್ಪದೆ ಅಮಾವಾಸ್ಯೆಯ ದಿನವೇ ಬರುತ್ತಿತ್ತು. ಬಸ್ಸು ನಿಂತಲ್ಲಿ ಕಾರು ನಿಲ್ಲುತ್ತಿತ್ತು, ಬಸ್ಸು ಹೊರಟರೆ ಹೊರಡುತ್ತಿತ್ತು. ಮುಂದಿನ ಬಸ್ಸಿನಲ್ಲಿ ಹೆಂಡತಿ ಕಂಬಿ ಹಿಡಿದು ನಿಂತಿರುವರು. ಹಿಂದಿನ ಕಾರಿನಲ್ಲಿ ಮಖಮಲ್ಲಿನ ಸೀಟು ಖಾಲಿ ಇರುವುದು.

"ಬಾಯಾರ, ನಮ್ಮ ಬಸ್ಸಿಗೆ ಟ್ರೇಲರ್ ಹಚ್ಚೀರಿ ನೋಡ್ರಿ," ಎನ್ನುತ್ತಿದ್ದ ಕಂಡಕ್ಟರ್ ಲಗಮಣ್ಣ.

"ಅದಕ್ಕ ಟಿಕೀಟ ಹರೀರಿ," ಎನ್ನುತ್ತಿದ್ದರು ತಾರಾಬಾಯಿ, ಹಿಂದೆ ನೋಡದೆ.

ಗುಡ್ಡದಲ್ಲಿ ಇಬ್ಬರೂ ಒಟ್ಟಿಗೆ ದರ್ಶನ ಮಾಡುತ್ತಿದ್ದರು, ಒಂದೇ ಮರದ ಕೆಳಗೆ ಕುಳಿತು ಬುತ್ತಿ ಉಣ್ಣುತ್ತಿದ್ದರು. ಆಕೆ ಒಮ್ಮೆ ಗಾಡಿಯಲ್ಲಿ ಕೂರಲಿ ಎಂದು ತಾತ್ಯಾಸಾಹೇಬರು ಬ್ರಹ್ಮದೇವರ ಮುಂದೆ ಕೈಮುಗಿಯುತ್ತಿದ್ದರು. ಪಕ್ಕದಲ್ಲಿಯೇ ನಿಂತ ಹೆಂಡತಿಗೆ ಮಾತ್ರ ಹೇಳುತ್ತಿರಲಿಲ್ಲ.

ಹೀಗೆಯೇ ವರ್ಷ ಕಳೆದು ಮತ್ತೆ ಚಳಿಗಾಲ ಬಂತು. ಒಂದು ಅಮಾವಾಸ್ಯೆಯ ಮಧ್ಯಾಹ್ನ, ನಿಪ್ಪಾಣಿಯಿಂದ ಮರಳುವಾಗ, ಚಿಕ್ಕೋಡಿ ಇನ್ನೂ ದೂರವಿರುವಾಗಲೇ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ಇಳಿದು ನೋಡಿ, ಇದು ತನ್ನ ಕೈಯಲ್ಲಿ ಆಗುವುದಲ್ಲವೆಂದು ಹೇಳಿ, ಬೇರೆ ಬಸ್ಸು ತರಲು ಲಾರಿ ಹತ್ತಿ ಹೋದ. ಹಿಂದೆ ನಿಂತ ತಾತ್ಯಾಸಾಹೇಬರಿಗೆ ಇದು ದೇವರದೇ ಕೆಲಸವೆಂದು ತಿಳಿಯಿತು. ಮಖಮಲ್ಲಿನ ಧೂಳು ಝಾಡಿಸಿ ಮುಂದಿನ ಬಾಗಿಲು ತೆರೆದು ಹಿಡಿದು ನಿಂತರು.

ತಾರಾಬಾಯಿ ನೇರವಾಗಿ ಕಾರಿನ ಕಡೆಗೇ ಬಂದರು. ಅವರ ಕೈಯಲ್ಲಿ ಊರ ಮುದುಕಿ ದುಂಡವ್ವನ ಕೈಯಿತ್ತು. ದುಂಡವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಹಸುಗೂಸಿನ ತಾಯಿಯನ್ನೂ ಇನ್ನಿಬ್ಬರು ಮುದುಕಿಯರನ್ನೂ ಹಿಂದೆ ತುಂಬಿದರು.

"ಇವರನ್ನ ಚಿಕ್ಕೋಡಿಗೆ ಮುಟ್ಟಿಸ್ರಿ."

"ಮತ್ತ ನೀ?"

"ನಂದ ಟಿಕೀಟ ಐತಿ," ಎಂದು ಬಾಗಿಲು ಹಾಕಿದರು. ಟಿಕೀಟು ಎಲ್ಲರ ಹತ್ತಿರವೂ ಇತ್ತು.

ದುಂಡವ್ವ ಮಖಮಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೇಳಿದಳು: "ಹಿಂದ ಹಿಂದ ಯಾಕ ನೋಡತಿ ತಾತ್ಯಾ? ದಾರಿ ಮುಂದ ಐತಿ."

"ಇಕಿ ಯಾಕ ಕುಂಡ್ರವಲ್ಲಳು ಅಂತ ತಿಳೀವಲ್ದು ಆಯಿ. ಒಂದ ಸೀರಿ ಕೆಟ್ಟಿದ್ದಕ್ಕ ಇಷ್ಟ ದಿನದ ಸಿಟ್ಟ?"

"ಸೀರಿ?" ದುಂಡವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಶೆಗಣಿ ಬಳಿದು ಬಾಳೇ ಮಾಡಿದಾಕಿ ಆಕಿ. ಶೆಗಣಿಗೆ ಸಿಟ್ಟ ಮಾಡತಾಳ? ತವರಮನಿ ಹೊಚ್ಚಲದಾಗ ನಿಂತು ನೀ ಏನಂದಿ?"

"ಏನಂದೆ?"

"ಆಕಿ ಬಾಯಿ ಬಿಟ್ಟಿದ್ದಕ್ಕ ಗಾಡಿ ತಿಪ್ಪ್ಯಾಗ ಹೋತಂತ. ಆಕಿ ಬಾಯಿ ಬಿಟ್ಟಿದ್ಲೇನ?"

ಆ ಮಾತು ತಾತ್ಯಾಸಾಹೇಬರಿಗೆ ಮರೆತೇ ಹೋಗಿತ್ತು. ಆಡಿದವರಿಗೆ ಇಂಥವು ಬೇಗನೆ ಮರೆಯುತ್ತವೆ. ದೇವರು ಗಂಡಸರಿಗೆ ಕೊಟ್ಟ ಅನುಕೂಲಗಳಲ್ಲಿ ಇದೂ ಒಂದು. ಚಿಕ್ಕೋಡಿಯ ನಿಲ್ದಾಣದಲ್ಲಿ ಮುದುಕಿಯರನ್ನು ಇಳಿಸಿ ಮರಳಿದರು. ಮತ್ತೆ ಒಂದು ಕಾರು ತುಂಬ ಹೆಂಗಸರು ಸಿದ್ಧರಾಗಿ ನಿಂತಿದ್ದರು. ಅವರನ್ನೂ ಮುಟ್ಟಿಸಿದರು. ಹೋಗುವಾಗೊಮ್ಮೆ ಬರುವಾಗೊಮ್ಮೆ ಮನಸ್ಸಿನಲ್ಲಿ ಒಂದು ಮಾತನ್ನು ಕಟ್ಟಿದರು, ಕೆಡವಿದರು. ತಪ್ಪಾಯಿತು ಎನ್ನುವ ಮಾತನ್ನು ಅವರು ಬಸದಿಯಲ್ಲಿ ಆಡಿದ್ದುಂಟು, ಮನೆಯಲ್ಲಿ ಆಡಿದ ನೆನಪಿರಲಿಲ್ಲ.

ಅವರು ಕೊನೆಯ ಸಲ ಬಂದಾಗ ಹೊತ್ತು ಇಳಿದಿತ್ತು. ಬೇರೆ ಬಸ್ಸು ಆಗಲೇ ಬಂದು ನಿಂತಿತ್ತು. ಉಳಿದ ಗಂಡಸರೆಲ್ಲ ಹತ್ತಿ ಕುಳಿತಿದ್ದರು. ತಾರಾಬಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು.

"ಬರ್ರಿ ಬಾಯಾರ, ಈಗ ಕುಂಡ್ರಾಕ ಜಾಗಾನೂ ಐತಿ," ಎಂದ ಲಗಮಣ್ಣ.

ತಾತ್ಯಾಸಾಹೇಬರು ಕಾರಿನಿಂದ ಇಳಿದು ಬಸ್ಸಿನ ಬಾಗಿಲವರೆಗೆ ನಡೆದು ಬಂದರು. ಕಟ್ಟಿಕೊಂಡು ಬಂದ ಮಾತು ಅಷ್ಟರಲ್ಲಿ ಬಿದ್ದುಹೋಗಿತ್ತು. ಸಿಕ್ಕಷ್ಟನ್ನು ಆಡಿದರು.

"ತಾರಾ. ಅವತ್ತ ರಾಯಬಾಗದಾಗ ಗಾಡಿ ತಿಪ್ಪ್ಯಾಗ ಹಾಕಿದಾಂವ ನಾನ. ನೀ ಒಂದ ಮಾತೂ ಆಡಿರಲಿಲ್ಲ. ನಾ ಸುಳ್ಳ ಹೇಳಿದ್ನಿ."

ಬಸ್ಸಿನ ಕಿಟಕಿಗಳಿಂದ ಒಂದೊಂದಾಗಿ ತಲೆಗಳು ಹೊರಗೆ ಬಂದವು. ಹೆಂಡತಿಯ ಮುಂದೆ ಹೀಗೆ ನಿಂತ ಗಂಡಸನ್ನು ನೋಡಲು ಟಿಕೀಟಿಟ್ಟರೂ ಜನ ಬರುತ್ತಿದ್ದ ಕಾಲ ಅದು.

"ಅದು ನಮಗೆಲ್ಲಾ ಗೊತ್ತಿದ್ದದ್ದ ಐತ್ರಿ ಸಾವಕಾರ," ಎಂದ ಲಗಮಣ್ಣ. "ನಿಮ್ಮ ತಿರುವು ನಾವು ದಿನಾ ನೋಡತೇವಿ."

ತಾರಾಬಾಯಿ ಪಡುವಣದ ಕಡೆ ನೋಡಿದರು. ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ.

"ಹೊತ್ತ ಮುಣಗಾಕ ಬಂತು," ಎಂದರು. "ಮನಿ ಮುಟ್ಟೂದರಾಗ ಕತ್ತಲಾಗತೈತಿ. ನೀವು ಉಣ್ಣೂದ್ಯಾವಾಗ?"

ಹೊತ್ತು ಮುಳುಗಿದ ಮೇಲೆ ಜೈನರಾದ ಅವರ ಮನೆಯಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ಮಧ್ಯಾಹ್ನದಿಂದ ಊರ ಹೆಂಗಸರನ್ನು ಹೊತ್ತು ತಿರುಗಿದ ತಾತ್ಯಾಸಾಹೇಬರಿಗೆ ಈ ಸಂಗತಿ ತಲೆಯಲ್ಲಿ ಇರಲೇ ಇಲ್ಲ. ಗುಡ್ಡದಲ್ಲಿ ಉಂಡು ಉಳಿದ ಬುತ್ತಿಯ ಡಬ್ಬಿ ತಾರಾಬಾಯಿಯ ಚೀಲದಲ್ಲಿತ್ತು. ರಸ್ತೆಯ ಬದಿಯಲ್ಲಿ ಕೂರೋಣವೆಂದರೆ ಗಾಳಿ ಎದ್ದು ಧೂಳು ಹಾರುತ್ತಿತ್ತು.

ತಾರಾಬಾಯಿ ಮೆಟ್ಟಿಲ ಮೇಲಿನ ಕಾಲನ್ನು ಕೆಳಗಿಳಿಸಿದರು. "ನೀವು ಹೊಂಡ್ರಿ ಲಗಮಣ್ಣ," ಎಂದರು.

ಬಸ್ಸು ಹೋಯಿತು. ತಾರಾಬಾಯಿ ಕಾರಿನ ಮುಂದಿನ ಬಾಗಿಲು ತಾವೇ ತೆಗೆದು, ದುಂಡವ್ವ ಮುದುಡಿಸಿ ಹೋಗಿದ್ದ ಹೊದಿಕೆಯನ್ನು ಎಳೆದು ಸರಿಮಾಡಿ ಕುಳಿತರು. ಡಬ್ಬಿ ಬಿಚ್ಚಿ ರೊಟ್ಟಿಯ ಮೇಲೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಹಾಕಿ ಗಂಡನ ಕೈಗೆ ಕೊಟ್ಟರು. ತಾತ್ಯಾಸಾಹೇಬರು ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯನ್ನು ಚಾವಿಯ ಕಡೆ ಒಯ್ದರು.

"ಗಾಡಿ ಎಲ್ಲೂ ಓಡಿ ಹೋಗೂದಿಲ್ಲ. ಮೊದಲ ಉಣ್ರಿ."

ಅವರು ಅವಸರದಿಂದ ಉಣ್ಣತೊಡಗಿದರು.

"ಸಾವಕಾಶ. ಇನ್ನಾ ಮುಣಗಿಲ್ಲ."

ಇಬ್ಬರೂ ಉಂಡು ಮುಗಿಸುವುದಕ್ಕೂ ಸೂರ್ಯ ಕಬ್ಬಿನ ಹಿಂದೆ ಇಳಿಯುವುದಕ್ಕೂ ಸರಿಹೋಯಿತು. ತಾರಾಬಾಯಿ ಕೈ ತೊಳೆಯಲು ತಂಬಿಗೆ ತೆಗೆದು, ಮುಚ್ಚಿದ ಗಾಜನ್ನು ನೋಡಿದರು.

"ಇದನ್ನ ಹೆಂಗ ಇಳಸೂದು?"

ತಾತ್ಯಾಸಾಹೇಬರು ತಾವೇ ಇಳಿಸಿಕೊಡಲು ಬಾಗಿದರು.

"ಹೇಳ್ರಿ ಸಾಕು. ನಾ ಇಳಸತೇನಿ."

ಅವರು ಹೇಳಿದರು. ತಾರಾಬಾಯಿ ಹಿಡಿಯನ್ನು ತಿರುಗಿಸಿ ಗಾಜು ಇಳಿಸಿದರು, ಕೈ ತೊಳೆದು ಹೊರಗೆ ನೀರು ಚೆಲ್ಲಿದರು. ಡಬ್ಬಿಯನ್ನು ಕಾಲಿನ ಹತ್ತಿರ ಇಟ್ಟುಕೊಂಡರು. ಗಾಜನ್ನು ಹಾಗೆಯೇ ತೆರೆದಿಟ್ಟು, ಬೀಸುವ ಗಾಳಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಹಾಂ, ನಡೀರಿ," ಎಂದರು.