ನನ್ನ ಗಂಡ ಕುಡಿದಿರಲಿಲ್ಲ

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಒಂದು ಕ್ವಾಲಿಸ್ ಗಾಡಿಯ ನಡುವಿನ ಸೀಟಿನಲ್ಲಿ ಕೂತಿದ್ದೆ. ನನ್ನ ಗಂಡ ಹಂಪಣ್ಣ ಹಿಂದೆ ಡಿಕ್ಕಿಯಲ್ಲಿ ಬಗ್ಗಿ ಆಂಪ್ಲಿಫೈಯರ್ ನೋಡುತ್ತಿದ್ದರು. ಮುಂದೆ ಸ್ಟೀರಿಯೊದಲ್ಲಿ ದೀಪ ಇತ್ತು. ಕ್ಯಾಸೆಟ್ ತಿರುಗುತ್ತಿತ್ತು. ನಾಲ್ಕು ಸ್ಪೀಕರಿನಲ್ಲಿ ಒಂದರಲ್ಲೂ ಸದ್ದಿಲ್ಲ.

“ಬಂತೇನ?” ಅಂದರು.

ನಾನು ಮುಷ್ಟಿ ಎತ್ತಿ ತೋರಿಸಿದೆ. ಮುಷ್ಟಿ ಅಂದರೆ ಇಲ್ಲ. ಸದ್ದು ಬಂದರೆ ಬೆರಳು. ಒಂದು ಬೆರಳು ಮುಂದಿನ ಎಡಗಡೆಯದು, ಎರಡು ಮುಂದಿನ ಬಲಗಡೆಯದು, ಹೀಗೆ ನಾಲ್ಕರವರೆಗೆ. ಬಾಯಲ್ಲಿ ಹೇಳಿದರೆ ಅವರಿಗೆ ಕೇಳುತ್ತಿರಲಿಲ್ಲ. ಐದು ವರ್ಷದಿಂದ ಕೇಳುತ್ತಿರಲಿಲ್ಲ. ಇದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆವು.

ನಾವು ಲಿಂಗಸೂಗೂರು ಕಡೆಯವರು. ತೊಂಬತ್ತೊಂದರಲ್ಲಿ ಇವರು ಬೆಂಗಳೂರಿನ ಶಿವಾಜಿನಗರಕ್ಕೆ ಬಂದು, ಆಟೋ ಟ್ಯಾಕ್ಸಿಗಳಿಗೆ ಟೇಪ್ ಕೂರಿಸುವ ಅಂಗಡಿಯಲ್ಲಿ ಕೆಲಸ ಕಲಿತರು. ದಿನಕ್ಕೆ ಹತ್ತು ಗಾಡಿ. ಹತ್ತರಲ್ಲೂ ವಾಲ್ಯೂಮ್ ಪೂರ್ತಿ ತಿರುಗಿಸಿ, ಸ್ಪೀಕರಿನ ಹತ್ತಿರ ತಲೆ ಇಟ್ಟು ನೋಡುವುದು. ಎದೆ ಅದುರಿದರೇನೇ ಗಿರಾಕಿಗೆ ಸಮಾಧಾನ. ಅಲ್ಲೇ ಕಿವಿ ಹೋಯಿತು. ಮೊದಲು ಬಲಗಡೆಯದು, ಆಮೇಲೆ ಎಡಗಡೆಯದು. ಹಲಸೂರಿನ ಡಾಕ್ಟರು ಹೋದದ್ದು ತಿರುಗಿ ಬರುವುದಿಲ್ಲ ಅಂದರು. ಅಷ್ಟರಲ್ಲಿ ಇವರು ಕೆ.ಆರ್. ಪುರದಲ್ಲಿ, ಅಕ್ತರನ ಸೀಟ್ ಕವರ್ ಅಂಗಡಿಯ ಪಕ್ಕ, ಸ್ವಂತಕ್ಕೆ ಒಂದು ಜಾಗ ಮಾಡಿಕೊಂಡಿದ್ದರು.

“ಭೀಮಾ, ಯಾರ ಮುಂದೂ ಅನ್ನಬ್ಯಾಡ,” ಅಂತ ನನ್ನ ಕೈ ಹಿಡಿದು ಹೇಳಿದರು. “ಕಿವುಡ ಸ್ಟೀರಿಯೊ ರಿಪೇರಿ ಮಾಡ್ತಾನಂದ್ರ ಯಾರು ಗಾಡಿ ತರ್ತಾರ?”

ನಾನು ಅನ್ನಲಿಲ್ಲ. ಬೈಯಪ್ಪನಹಳ್ಳಿಯ ನಮ್ಮ ಕೋಣೆಯಿಂದ ಇಬ್ಬರೂ ಒಟ್ಟಿಗೆ ಬಸ್ಸಿಗೆ ಹೋಗುತ್ತಿದ್ದೆವು. ರಸ್ತೆ ದಾಟುವಾಗ ನಾನು ಅವರ ತೋಳು ಹಿಡಿಯುತ್ತಿದ್ದೆ. ಸ್ಪೀಕರಿನ ವೈರಿಗೆ ಪೆನ್ಸಿಲ್ ಸೆಲ್ ಮುಟ್ಟಿಸಿ, ಅಂಗೈ ಇಟ್ಟು, ಅದು ಅದುರಿದರೆ ಸ್ಪೀಕರ್ ಸರಿಯಿದೆ ಅಂತ ಅವರೇ ತಿಳಿಯುತ್ತಿದ್ದರು. ಗುಂಯ್ ಅನ್ನುತ್ತದೋ ಕರಕರ ಅನ್ನುತ್ತದೋ ಅಂಗೈಗೆ ತಿಳಿಯದು. ಅದಕ್ಕೆ ನಾನು. ಹಂಪಣ್ಣ ಹೆಂಡತಿ ಸೆರಗು ಬಿಡೋಲ್ಲ ಅಂತ ಜನ ನಗುತ್ತಿದ್ದರು. ನಗಲಿ ಅಂತಿದ್ದೆ.

ಆ ಶನಿವಾರದ ಗಾಡಿ ಮಹದೇವಪುರದ ಮುನಿರಾಜಪ್ಪನದು. ಕಂಪನಿಗೆ ಬಾಡಿಗೆ ಬಿಟ್ಟಿದ್ದ. ಆಂಪ್ಲಿಫೈಯರಿನಲ್ಲಿ ಹಸಿರು ದೀಪ ಇರಬೇಕಾದ ಕಡೆ ಕೆಂಪು ಇತ್ತು.

“ಕೆಂಪಂದ್ರ ಅದು ತಾನ ಬಾಯಿ ಮುಚ್ಚಿಕೊಂಡೈತಿ,” ಅಂದರು. “ಯಾವುದೋ ಸ್ಪೀಕರ್ ವೈರು ಗಾಡಿ ಮೈಗೆ ತಾಗೈತಿ. ಸುಡಬಾರದಂತ ಮುಚ್ಚಿಕೊಂಡೈತಿ.”

ನಾಲ್ಕೂ ಸ್ಪೀಕರಿನ ವೈರು ಬಿಚ್ಚಿದರು. ದೀಪ ಹಸಿರಾಯಿತು. ಒಂದು ಹಾಕಿದರು, ನಾನು ಒಂದು ಬೆರಳು ಎತ್ತಿದೆ. ಎರಡನೆಯದು ಹಾಕಿದರು, ಎರಡು ಬೆರಳು. ಮೂರನೆಯದು ಹಾಕಿದರು, ಎಲ್ಲ ನಿಂತುಹೋಯಿತು. ಕೆಂಪು.

“ಹಿಂದಿನ ಎಡಗಡೆದು. ಸೀಟ್ ಎತ್ತಬೇಕು. ಅದರ ನಟ್ಟು ಬಿಚ್ಚೋ ಪಾನಾ ನನ್ನ ಕಡೆ ಇಲ್ಲ. ನಾಳೆ ಲೇತ್ ಅಂಗಡಿಯಿಂದ ತರ್ತೀನಿ.”

ಸಂಜೆ ಮನೆಗೆ ಹೋದೆವು. ರೊಟ್ಟಿ, ಪುಂಡಿಪಲ್ಯ ಮಾಡಿದೆ. ಉಪ್ಪು ಕಮ್ಮಿ ಅಂದರು.

ಭಾನುವಾರ ನಾನು ಹೋಗಲಿಲ್ಲ. ಬಟ್ಟೆ ಒಗೆಯುವುದಿತ್ತು. “ಬರೀ ಸೀಟ್ ಎತ್ತೋದು. ಕೇಳಾಕ ಮಧ್ಯಾಹ್ನ ಬಾ,” ಅಂದರು. ಹೂಂ ಅಂದೆ.

ಹತ್ತೂವರೆಗೆ ಪಾನಾ ತರಲು ಹಳೇ ಮದ್ರಾಸ್ ರಸ್ತೆ ದಾಟುವಾಗ ಅವರಿಗೆ ನೀರಿನ ಲಾರಿ ಹೊಡೆಯಿತು. ಅಲ್ಲೇ ಹೋದರು. ಹಾರ್ನ್ ಮೇಲೆ ಹಾರ್ನ್ ಹಾಕಿದೆ, ತಿರುಗಿ ನೋಡಲೇ ಇಲ್ಲ ಅಂತ ಡ್ರೈವರ್ ಹೇಳಿದ. ಅದು ಸುಳ್ಳಲ್ಲ.

ಹಾರ್ನಿಗೂ ತಿರುಗದವನು ಕುಡಿದಿರಬೇಕು ಅಂತ ಯಾರೋ ಅಂದರು. ಮಾರನೇ ದಿನಕ್ಕೆ ಬೆಳಿಗ್ಗೆಯೇ ಕುಡಿದಿದ್ದನಂತೆ ಅಂತಾಯಿತು. ಮೂರನೇ ದಿನಕ್ಕೆ ದಿನಾ ಕುಡಿಯುತ್ತಿದ್ದನಂತೆ. ನಮ್ಮ ಬೀದಿಯ ನಲ್ಲಿಯ ಹತ್ತಿರವೂ ಬಂತು ಆ ಮಾತು. ಅವರು ಒಂದು ತೊಟ್ಟು ಮುಟ್ಟಿದವರಲ್ಲ. ಕುಡುಕ ಅಲ್ಲ ಅನ್ನಬೇಕಾದರೆ ಕಿವುಡ ಅನ್ನಬೇಕು. ಬ್ಯಾಡ ಅಂತ ಹೇಳಿದವರು ಮಣ್ಣಿನಲ್ಲಿದ್ದರು. ನಾನು ಕೊಡ ತುಂಬಿಸಿಕೊಂಡು ಮನೆಗೆ ಬರುತ್ತಿದ್ದೆ.

ಹನ್ನೆರಡನೇ ದಿನ ಅವರ ಸಾಮಾನು ತರಲು ಅಂಗಡಿಗೆ ಹೋದೆ. ಮುನಿರಾಜಪ್ಪ ಗಾಡಿ ತಂದು ನಿಲ್ಲಿಸಿದ.

“ಸತ್ತೋರ್ ಬಗ್ಗೆ ಮಾತಾಡ್ಬಾರ್ದು ಕಣಮ್ಮಾ. ಆದ್ರೂ ನಿನ್ ಗಂಡ ಕುಡ್ದು ಕೆಲ್ಸ ಮಾಡವ್ನೆ. ಆಂಪ್ಲಿಫೈಯರ್ ಸುಟ್ಟಾಕವ್ನೆ ಅಂತ ಬೇರೆ ಮೆಕ್ಯಾನಿಕ್ಕು ಅಂದ.”

“ಸುಟ್ಟಿಲ್ಲ. ಅಕ್ತರ್ ಭಾಯಿ, ಸೀಟಿನ ಪಾನಾ ತರಿಸ್ರಿ.”

“ನೀನೇನ್ ಮಾಡೀಯಮ್ಮಾ?”

“ಕೆಳಗ ಇಳೀರಿ ನೀವು.”

ಅಕ್ತರ್ ತಾನೇ ಹೋಗಿ ಪಾನಾ ತಂದು ಸೀಟು ಎತ್ತಿದ. ಸೀಟಿನ ಕಬ್ಬಿಣದ ಪಟ್ಟಿಯ ಕೆಳಗೆ ವೈರು ಸಿಕ್ಕಿಕೊಂಡು ಸಿಪ್ಪೆ ಹರಿದಿತ್ತು. ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಎಳೆದು, ಟೇಪ್ ಸುತ್ತಿ, ಪಕ್ಕಕ್ಕೆ ಸರಿಸಿದೆ. ನಾಲ್ಕೂ ವೈರು ಬಿಚ್ಚಿ ಒಂದೊಂದೇ ಹಾಕಿದೆ. ಹಸಿರು ದೀಪ. ಮುಂದೆ ಹೋಗಿ ವಾಲ್ಯೂಮ್ ತಿರುಗಿಸಿದೆ. ನಾಲ್ಕೂ ಬಾಗಿಲಿನಿಂದ ಸದ್ದು ಬಂತು.

ನನ್ನ ಕೈ ಮೇಲಕ್ಕೆದ್ದು ನಾಲ್ಕು ಬೆರಳು ತೋರಿಸಿತು. ಡಿಕ್ಕಿಯ ಕಡೆಗೆ. ಅಕ್ತರ್ ತಲೆ ತಗ್ಗಿಸಿಬಿಟ್ಟ.

“ಯಾರಿಗಮ್ಮಾ ಸನ್ನೆ ಮಾಡ್ತಿದ್ದೀಯ?” ಅಂದ ಮುನಿರಾಜಪ್ಪ.

ಆಗ ಹೇಳಿದೆ. “ನಮ್ಮ ಮನೆಯವರಿಗೆ ಕಿವಿ ಕೇಳ್ತಿರಲಿಲ್ಲ. ಐದು ವರ್ಷ ಆಗಿತ್ತು. ನಾ ಹಿಂಗ ತೋರಸ್ತಿದ್ದೆ. ಅವರು ಕುಡಿದಿರಲಿಲ್ಲ. ಹಾರ್ನ್ ಕೇಳಲಿಲ್ಲ.”

ಮುನಿರಾಜಪ್ಪ ಸ್ಟೀರಿಯೊ ಆರಿಸಿದ. “ತಪ್ಪಾಯ್ತು ಕಣಮ್ಮಾ,” ಅಂದ.

ಅಕ್ತರ್ ಪಾನಾ ಒರೆಸುತ್ತಾ ನಿಂತಿದ್ದ. “ನಂಗೆ ಗೊತ್ತಿತ್ತು ಭಾಭಿ. ಈ ಸಾಲ್ನಲ್ಲಿ ಎಲ್ಲಾರ್ಗೂ ಗೊತ್ತಿತ್ತು. ಟೀ ಕೊಡೋನು ಹಂಪಣ್ಣನ ಎದುರಿಗೆ ಬಂದೇ ಮಾತಾಡ್ತಿದ್ದ. ನೋಡಿಲ್ವಾ ನೀವು?”

“ಮತ್ತ ಕುಡುಕ ಅಂದಾಗ ಯಾಕ ಸುಮ್ಮನಿದ್ರಿ?”

“ನೀವೇ ಸುಮ್ನಿದ್ರಿ. ಹೊರಗೆ ಹೇಳೋದು ನಿಮ್ಗೆ ಇಷ್ಟ ಇಲ್ಲ ಅನ್ಕೊಂಡ್ವಿ. ಅವ್ನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದ. ನಾವ್ ಹೆಂಗೆ ಬಿಚ್ಚೋದು ಭಾಭಿ?”

ನಾನು ಎತ್ತಿಟ್ಟ ಸೀಟಿನ ಮೇಲೆ ಕೂತುಬಿಟ್ಟೆ. ಹನ್ನೆರಡು ದಿನ ಅತ್ತಿರಲಿಲ್ಲ. ಆಗ ಅತ್ತೆ. ಎಲ್ಲರಿಗೂ ಗೊತ್ತಿದೆ ಅಂತ ಅವರಿಗೆ ಗೊತ್ತಿದ್ದಿದ್ದರೆ, ಆ ಭಾನುವಾರ ಯಾರನ್ನಾದರೂ ಕರೆದು ರಸ್ತೆ ದಾಟಿಸು ಅನ್ನುತ್ತಿದ್ದರು.

ಕುಡುಕ ಅನ್ನುವುದು ನಿಂತಿತು. ಈಗ ಕಿವುಡ ಹಂಪಣ್ಣ ಅನ್ನುತ್ತಾರೆ. ಅವರು ಇದನ್ನು ಒಪ್ಪುತ್ತಿದ್ದರೋ, ನನ್ನ ಮೇಲೆ ಸಿಟ್ಟಾಗುತ್ತಿದ್ದರೋ, ನನಗೆ ತಿಳಿಯದು.

ಆ ಜಾಗದಲ್ಲಿ ಅಕ್ತರ್ ಬೇರೆ ಮೆಕ್ಯಾನಿಕ್ಕನ್ನು ಇಟ್ಟಿದ್ದಾನೆ. ಗಾಡಿಯಲ್ಲಿ ಕೂತು ಯಾವ ಸ್ಪೀಕರ್ ಸರಿಯಿಲ್ಲ ಅಂತ ಹೇಳುವ ಕೆಲಸ ನನ್ನದು. ಬಾಯಲ್ಲೇ ಹೇಳುತ್ತೇನೆ. ಏಳೂವರೆಗೆ ಬಸ್ಸಿಳಿದು, ಮೊದಲು ಅಂಗಡಿ ಗುಡಿಸುತ್ತೇನೆ. ಹಿಂದಿನ ದಿನ ಕತ್ತರಿಸಿದ ತಾಮ್ರದ ಎಳೆಗಳು ಕಲ್ಲಿನ ಸಂದಿಯಲ್ಲಿ ಕೂತಿರುತ್ತವೆ. ಪೊರಕೆಗೆ ಬರುವುದಿಲ್ಲ. ಕುಕ್ಕರುಗಾಲಲ್ಲಿ ಕೂತು, ಉಗುರಿನಿಂದ ಒಂದೊಂದೇ ಆರಿಸಿ ತೆಗೆಯುತ್ತೇನೆ.