ಗಂಗಾಧರನ ಸಮುದ್ರಕ್ಕೆ ಬಾರದ ಗಾಳಿ

ಇಲ್ಲ... ನಂಬಲಾಗುತ್ತಿಲ್ಲ.
ಗಂಗಾಧರ ಹೋದನಂತೆ.
ಬೆಳಿಗ್ಗೆ ಫೋನ್ ಮಾಡಿದವರಿಗೆ "ಏ, ಯಾವ ಗಂಗಾಧರ? ಸರಿಯಾಗಿ ಕೇಳ್ಕೊಂಡು ಹೇಳ್ರಿ" ಎಂದು ಬೈದೇ ಬಿಟ್ಟೆ...
ದೇಶಪಾಂಡೆ ನಗರದ ಮನೆಗೆ ಹೋಗಿ, ಮುಖ ನೋಡಿ ಬಂದು, ಈಗ ಇದನ್ನು ಬರೆಯುತ್ತಿದ್ದೇನೆ.

ನಿಮಗೆಲ್ಲ ಅವನು ಗಣಿತದ ಸರ್.
ನನಗೆ, ಧಾರವಾಡದಲ್ಲಿ ಕೂತು ಸಮುದ್ರ ಮಾಡಿದವನು.
ಖರೇನೇ...

ತೊಂಬತ್ತರ ದಶಕದ ಕೊನೆ. ಇಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು.
ಡಿಪಾರ್ಟ್‌ಮೆಂಟಿನ ಒಂದೇ ಕಂಪ್ಯೂಟರಿನೊಳಗೆ ಅವನು ಗಣಿತದ ಸೂತ್ರಗಳಿಂದ ಅರಬ್ಬಿ ಸಮುದ್ರ ಕಟ್ಟುತ್ತಿದ್ದ. ಪಿಎಚ್‌ಡಿಗೆ.
ಗಾಳಿ ಬೀಸಿದರೆ ತಳದ ಸತ್ವ ಮೇಲೆ ಬರಬೇಕು... ಅದನ್ನುಂಡು ಕಣ್ಣಿಗೆ ಕಾಣದ ಹಸಿರು ಜೀವಗಳು ಬೆಳೆಯಬೇಕು... ಸ್ಕ್ರೀನಿನ ಮೇಲೆ ನೀರು ಹಸಿರಾಗಬೇಕು.

"ಸಮುದ್ರ ಕಾರವಾರದಾಗ ಐತಲೇ, ನೀ ಇಲ್ಲಿ ಕುಂತು ಏನ್ ಮಾಡ್ತಿ?" ಎಂದರೆ,
"ಸುಮ್ನಿರಲೇ ಈರಣ್ಣಾ, ತೆರಿ ಸಪ್ಪಳ ಕೇಳಾಕತ್ತೈತಿ" ಎಂದು ಕಣ್ಣು ಮುಚ್ಚುತ್ತಿದ್ದ.
ಹುಚ್ಚ!

ಹಡಗಿನವರು ಬರೆದಿಟ್ಟ ಗಾಳಿಯ ಅಂಕಿಗಳ ಝೆರಾಕ್ಸ್ ಹಾಳೆಗಳನ್ನು ಟೈಪ್ ಮಾಡಿಕೊಟ್ಟವನು ನಾನು.
ಆದರೆ ಪ್ರತಿ ಸಲ, ಸ್ಕ್ರೀನಿನಲ್ಲಿ ಮಳೆಗಾಲ ಬಂದರೆ ಸಾಕು, ಹಸಿರು ಮೂಡದೆ ಅವನ ಸಮುದ್ರ ಸಾಯುತ್ತಿತ್ತು...
ಇಡೀ ವರ್ಷ ತನ್ನ ಸೂತ್ರಗಳಲ್ಲೇ ತಪ್ಪು ಹುಡುಕಿದ. ಸೊರಗಿ ಹೋದ.

ಒಂದು ಮಧ್ಯಾಹ್ನ ಆಷಾಢದ ಗಾಳಿ ಕಿಟಕಿ ಬಡಿಯುತ್ತಿತ್ತು.
"ಹೊರಗ ಹೆಂಗ ಬೀಸಾಕತ್ತೈತಿ ನೋಡು... ನನ್ನ ಸಮುದ್ರದಾಗ ಜೀವಾನೇ ಇಲ್ಲ. ನನಗ ಗಣಿತ ಬರೂದಿಲ್ಲೋ. ನಾಳಿಂದ ಬಿಟ್ಟಬಿಡ್ತೇನಿ."

ಅಂದು ಸಂಜೆ ಆ ಹಾಳೆಗಳನ್ನು ತೆಗೆದೆ.
ಎರಡು ಹಾಳೆ ಅಂಟಿಕೊಂಡಿದ್ದವು. ಟೈಪ್ ಮಾಡುತ್ತಾ ನಾನು ತಿಂದ ಚುರುಮುರಿ ಗಿರ್ಮಿಟ್ಟಿನ ಗೊಜ್ಜು ಚೆಲ್ಲಿ, ಒಣಗಿ...
ಬಿಡಿಸಿದರೆ ಒಳಗೆ ಇಡೀ ಜುಲೈ ತಿಂಗಳ ಗಾಳಿ!
ನಾನು ಟೈಪೇ ಮಾಡಿರಲಿಲ್ಲ. ಖಾಲಿ ಜಾಗವನ್ನು ಕಂಪ್ಯೂಟರ್ ಸೊನ್ನೆ ಗಾಳಿ ಎಂದುಕೊಂಡಿತ್ತು.
ಆ ಅಂಕಿಗಳನ್ನು ಸದ್ದಿಲ್ಲದೆ ಟೈಪ್ ಮಾಡಿ ಸೇರಿಸಿಟ್ಟೆ. "ಕಡೇ ಸಲ ಓಡ್ಸಿ ನೋಡಲೇ" ಎಂದೆ, ಅಷ್ಟೇ.

ಮರುದಿನ ಸ್ಕ್ರೀನಿನ ಮೇಲೆ ಜೂನ್... ಜುಲೈ... ಆಗಸ್ಟ್...
ಕರಾವಳಿಯುದ್ದಕ್ಕೂ ಮೆಲ್ಲಗೆ ಹಸಿರು ಹರಡುತ್ತಾ ಹೋಯಿತು.

ಗಂಗೂ...
ಅವತ್ತು ನೀನು ಕುಣಿಯಲಿಲ್ಲ. ಸ್ಕ್ರೀನಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟೆ. ನಿನ್ನ ಬಾಯಿಂದ ಬಂದದ್ದು ಒಂದೇ ಮಾತು, "ಉಸಿರಾಡಾಕತ್ತೈತಲೇ..."
ಆಮೇಲೆ ಎಷ್ಟೋ ವರ್ಷ ಜೊತೆಗೆ ಕೂತು ಚಹಾ ಕುಡಿದೆವು.
ನಾನು ಹೇಳಲೇ ಇಲ್ಲ. ಹೇಡಿ ನಾನು.

ಇವತ್ತು ನಿನ್ನ ಹೆಂಡತಿ, ನಮ್ಮ ವೈನಿ, ಆ ಝೆರಾಕ್ಸ್ ಹಾಳೆಗಳ ಹಳೇ ಫೈಲು ಕೈಗಿಟ್ಟರು.
"ದವಾಖಾನಿಗೆ ಹೋಗೂ ಮುಂದ ತೆಗೆದಿಟ್ಟಿದ್ರು. ಈರಣ್ಣಗ ಕೊಡು ಅಂದಿದ್ರು ರೀ..."
ಜುಲೈ ಹಾಳೆ. ಅದೇ ಗೊಜ್ಜಿನ ಕಲೆ. ಪಕ್ಕದಲ್ಲಿ ನಿನ್ನ ಪೆನ್ಸಿಲ್ ಅಕ್ಷರ:

"ಗಾಳಿ ಎಲ್ಲಿ ಸಿಕ್ಕೊಂಡಿತ್ತಂತ ಗೊತ್ತಾತು. ಅವನಾಗೇ ಹೇಳ್ಲಿ. ನಾ ಕೇಳಂಗಿಲ್ಲ."

ಹೇಳಾಕತ್ತೇನಲೇ ಗಂಗೂ... ಎಲ್ಲಾರ ಮುಂದ ಹೇಳಾಕತ್ತೇನಿ.
ತಪ್ಪು ನಂದು.
ನಿನಗ ಗಣಿತ ಬರ್ತಿತ್ತು.

ಹೋಗಿ ಬಾ ಗೆಳೆಯಾ... ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ. ನೀನಿರುವಲ್ಲಿ ಗಾಳಿ ಬೀಸುತ್ತಿರಲಿ...