ಐರಿಸ್ ಆಂಟಿಯ ಅಜ್ಜನ ಮುಖ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವ ಬೆಳಗಿನ ರೈಲು ಹತ್ತಿದಾಗ ಐರಿಸ್ ಆಂಟಿಗಿಂತ ನನಗೇ ಹೆಚ್ಚು ಸಡಗರವಿತ್ತು. ಸಿಡ್ನಿಯ ಟೂಂಗಾಬಿಯಲ್ಲಿ ನಮ್ಮ ಬೇಲಿಯಾಚೆಯ ಮನೆ ಅವರದು. ಚೀನೀ ಮೂಲದವರಾದರೂ ಹುಟ್ಟಿ ಬೆಳೆದದ್ದು ಇಲ್ಲೇ. ವಯಸ್ಸು ಎಂಬತ್ತರ ಹತ್ತಿರ, ವಿಮಾನವೆಂದರೆ ಆಗದು. ಅವರ ಅಜ್ಜ ಮೆಲ್ಬರ್ನ್‌ನಲ್ಲಿ ಚಹಾಪುಡಿಯ ಅಂಗಡಿ ಇಟ್ಟಿದ್ದರಂತೆ. ಅಂಗಡಿಗೆ ಬೆಂಕಿ ಬಿದ್ದಾಗ ಅಲ್ಲೇ ಇದ್ದ ಮನೆಯ ಫೋಟೊಗಳೂ ಹೋದವು. ಒಮ್ಮೆಯಾದರೂ ಅಜ್ಜನ ಮುಖ ನೋಡಬೇಕೆಂಬುದು ಆಂಟಿಯ ಆಸೆ. ಜೊತೆಗೆ ಬರುತ್ತೀಯಾ ಎಂದು ಅವರು ಕೇಳಿ ಮುಗಿಸುವ ಮೊದಲೇ ನಾನು ಟಿಕೆಟ್ ಬುಕ್ ಮಾಡಿದ್ದೆ.

ಒಂಬೈನೂರಕ್ಕೂ ಹೆಚ್ಚು ಕಿಲೋಮೀಟರ್, ಸುಮಾರು ಹನ್ನೊಂದು ಗಂಟೆಯ ದಾರಿ. ಗೋಲ್ಬರ್ನ್ ದಾಟುವ ಹೊತ್ತಿಗೆ ಚಳಿ ಹತ್ತಿತು, ನಾನು ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಲೇ ಆಂಟಿ, ಬಿಳಿಯರಲ್ಲದವರನ್ನು ದೇಶದೊಳಗೆ ಬಿಡದಿರಲು ಮಾಡಿದ್ದ ಹಳೆಯ ಕಾನೂನಿನ ಕಥೆ ಹೇಳಿದರು. ಚೀನಾದ ತಮ್ಮ ಊರಿಗೆ ಹೋಗಿ ಮರಳುವ ಚೀನೀಯರಿಗೆ ಬಂದರಿನಲ್ಲಿ ಪರೀಕ್ಷೆ. ಅಧಿಕಾರಿ ಯುರೋಪಿನ ಯಾವುದೋ ಭಾಷೆಯಲ್ಲಿ ಹೇಳಿದ್ದನ್ನು ಬರೆಯಬೇಕು, ಅಂದರೆ ಫೇಲಾಗಲೆಂದೇ ಇಟ್ಟ ಪರೀಕ್ಷೆ. ಅದರಿಂದ ಪಾರಾಗಲು ಅಜ್ಜ ಹೊರಡುವ ಮೊದಲೇ ತಾನು ಮರ್ಯಾದಸ್ಥ ವ್ಯಾಪಾರಿ ಎಂದು ತೋರಿಸಿ ವಿನಾಯಿತಿ ಪತ್ರ ಪಡೆಯಬೇಕಿತ್ತು. ಬಿಳಿಯರ ಸಾಕ್ಷಿ, ಪೊಲೀಸರ ವಿಚಾರಣೆ, ಎದುರಿನಿಂದೊಂದು ಮಗ್ಗುಲಿನಿಂದೊಂದು ಫೋಟೊ, ಎಲ್ಲವೂ ಬೇಕು.

"ಆ ಫೋಟೊ ಸರ್ಕಾರದ ಹತ್ರ ಇರ್ಲೇಬೇಕಲ್ವಾ?" ಎಂದರು ಆಂಟಿ. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮರುದಿನ ದಾಖಲೆಗಳ ಕಚೇರಿಯಲ್ಲಿ ಅಜ್ಜನ ಹೆಸರು ಕೊಟ್ಟೆವು. ಆ ಹೆಸರಿನವರು ಯಾರೂ ಇರಲಿಲ್ಲ. ಹಿಂದುಮುಂದು ಮಾಡಿ ಹುಡುಕಿಸಿದರೂ ಸಿಗಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ನನಗೆ ಅಳು ಬರುವಂತಾಯಿತು.

ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನಲ್ಲಿರುವ ನನ್ನ ತಮ್ಮನ ಮನೆಯಲ್ಲಿ ನಮ್ಮ ವಸತಿ. ಊಟಕ್ಕೆ ಕುಳಿತಾಗ ಅವನು ಎಲ್ಲ ಕೇಳಿಸಿಕೊಂಡು ನಕ್ಕ. "ಅಕ್ಕಾ, ಹುಬ್ಬಳ್ಳಿ ಬಜಾರದಾಗ ನಮ್ಮಪ್ಪಗ ಯಾರರ ಹೆಸರ ಹಿಡದ ಕರೀತಿದ್ರೇನು? 'ಏ ಲಕ್ಷ್ಮೀ ಸ್ಟೋರ್ಸ್, ಚಾ ಕುಡೀಬಾ' ಅಂತಿದ್ರು. ಅಂಗಡಿ ಹೆಸರ್ಲೆ ಹುಡಕ್ರಿ."

ಆಂಟಿಗೆ ಹೇಳಿದೆ. ಅವರು ಚಮಚ ಕೆಳಗಿಟ್ಟರು. "ಸುನ್ ಯಿಕ್ ಲಾಂಗ್. ಅದು ಅಂಗಡಿ, ಮನುಷ್ಯ ಅಲ್ಲ."

"ಮಂದಿಗೆ ಎರಡೂ ಒಂದ ರೀ ಆಂಟಿ," ಎಂದ ತಮ್ಮ. ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ.

ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಕಚೇರಿಯೆದುರು ನಿಂತಿದ್ದೆವು. ಈ ಸಲ ಸಿಕ್ಕಿತು! ಅಧಿಕಾರಿಗಳು ಅಂಗಡಿಯ ಹೆಸರನ್ನೇ ಅಜ್ಜನಿಗೆ ಇಟ್ಟುಬಿಟ್ಟಿದ್ದರು. ಫೈಲು ಮೇಜಿಗೆ ಬಂದದ್ದು ಮಧ್ಯಾಹ್ನ. ಅದರೊಳಗಿನ ಫೋಟೊದಲ್ಲಿ ಕಾಲರಿನ ಅಂಗಿ, ಬಿಗಿದ ತುಟಿ, ನನ್ನ ವಯಸ್ಸಿನ ಒಬ್ಬ ಗಂಡಸು. ಆಂಟಿ ಎದುರಿನ ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗ್ಗುಲಿನದನ್ನು ನೋಡಿ ನನ್ನ ಕೈ ಗಟ್ಟಿಯಾಗಿ ಹಿಡಿದರು.

ಫೈಲು ತಂದಿದ್ದ ಹುಡುಗಿ ಮೆಲ್ಲನೆ ಕೇಳಿದಳು, "ಇವರು ನಿಮಗೆ ಏನಾಗಬೇಕು?"

"ಅಜ್ಜ," ಎಂದ ಆಂಟಿ ಮುಖವನ್ನು ಮಗ್ಗುಲಿಗೆ ತಿರುಗಿಸಿ ಬಿಳಿಗೂದಲನ್ನು ಸರಿಸಿದರು. ಫೋಟೊದಲ್ಲಿದ್ದ, ಅಗಲವಾದ, ಮುಂದಕ್ಕೆ ಬಾಗಿದ ಅದೇ ಕಿವಿ. "ಪ್ರೂಫ್ ಬೇಕಾ?"

ಹುಡುಗಿ ಫೋಟೊ ನೋಡಿದಳು, ಆಂಟಿಯನ್ನು ನೋಡಿದಳು. "ಬೇಡ. ಸಾಕು," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಹೊರಗೆ ಬಂದು ಟ್ಯಾಕ್ಸಿಗೆ ಕಾಯುತ್ತ ನಿಂತಾಗ ಆಂಟಿ ಹೇಳಿದರು. "ಅಜ್ಜನಿಗೆ ಅಷ್ಟೊಂದು ಜನ ಸಾಕ್ಷಿ ಹೇಳಬೇಕಾಯ್ತು. ನನಗೆ ಒಂದು ಕಿವಿ ಸಾಕಾಯ್ತು ನೋಡು."